ನೀಲಿ ಕೋಟಿನ ಲೈನಿಂಗ್

ಚಾದರದ ನಡುಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಆಚೆ ಬದಿಯಿದ್ದ ಅವಳ ಐದು ಬೆರಳೂ ನಿಚ್ಚಳವಾಗಿ ಕಂಡವು. ಬೆರಳು ಕಂಡರೆ ಆ ಚಾದರ ಸೀಳುವುದಕ್ಕೆ ಬಂದಿದೆ ಎಂದರ್ಥ. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು, ಎರಡೂ ಕೈಯಲ್ಲಿ ಬಲವಾಗಿ ಹಿಡಿದು, ಪರ್ರೆಂದು ತಲೆಯಿಂದ ಕಾಲಿನವರೆಗೆ ಹರಿದಳು. ರೋಗಿಗಳ ಬೆನ್ನು ಸವೆಸುವುದು ಚಾದರದ ನಡುವನ್ನು. ಅಂಚುಗಳು ಹೊಸದರ ಹಾಗೇ ಉಳಿದಿರುತ್ತವೆ. ನಡುವೆ ಸೀಳಿ, ಗಟ್ಟಿ ಅಂಚುಗಳೆರಡನ್ನೂ ಕೂಡಿಸಿ ಹೊಲಿದು ನಡುವಿಗೆ ತಂದು, ಸವೆದದ್ದನ್ನು ಪಕ್ಕಕ್ಕೆ ಮಡಚಿಬಿಟ್ಟರೆ ಅದೇ ಚಾದರ ಇನ್ನೆರಡು ವರ್ಷ ಬರುತ್ತದೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಇದೇ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು.

ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಫೋನು ನಡುಗಿತು. ಮಗಳು.

“ಅಮ್ಮಾ, ಬರೋವಾಗ ದಪ್ಪ ಹಾಳೆ ತಗೊಂಡು ಬಾ.”

“ಎಷ್ಟು?”

“ಎರಡು ಶತಮಾನಕ್ಕೆ ಆಗೋವಷ್ಟು.”

“ಅಂಗಡಿಯವನ ಹತ್ರ ಹಾಗೇ ಕೇಳ್ಲಾ?”

“ಎಂಟು ಸಾಕು. ಎರಡನೇ ಮಹಾಯುದ್ಧಾನ ಸಣ್ಣ ಅಕ್ಷರದಲ್ಲಿ ಬರೀತೀನಿ.”

ಮಗಳು ಆ ವರ್ಷ ಹೈಸ್ಕೂಲಿನಲ್ಲಿ ಆಧುನಿಕ ಜಗತ್ತಿನ ಇತಿಹಾಸದ ಉನ್ನತ ತರಗತಿಗೆ ಸೇರಿದ್ದಳು. ಸೇರಿದ್ದಳು ಎನ್ನುವುದಕ್ಕಿಂತ ಬಾಗಿಲಲ್ಲಿ ನಿಂತಿದ್ದಳು ಎನ್ನಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಐದು ಪ್ರಶ್ನೆಗೆ ಉತ್ತರಿಸಬೇಕಿತ್ತು. ಅವಳು ಒಂದಕ್ಕೇ ಹನ್ನೊಂದು ಪುಟ ಬರೆದು ಬಂದಿದ್ದಳು. ಮೇಷ್ಟರು ಕೆಂಪು ಶಾಯಿಯಲ್ಲಿ, ‘ಬಹಳ ಚೆನ್ನಾಗಿದೆ. ಉಳಿದ ನಾಲ್ಕು ಯಾರು ಬರೆಯಬೇಕು?’ ಎಂದು ಕೇಳಿದ್ದರು. ಇನ್ನು ಐದು ವಾರದಲ್ಲಿ ಒಪ್ಪಿಸಬೇಕಾದ ಪ್ರಾಜೆಕ್ಟಿನಲ್ಲಿ ಮೊದಲ ದರ್ಜೆ ಬಂದರೆ ಆ ತರಗತಿಯಲ್ಲಿ ಉಳಿಯಬಹುದು. ಬಾರದಿದ್ದರೆ ಸಾಮಾನ್ಯ ವಿಭಾಗಕ್ಕೆ ವಾಪಸ್ಸು.

“ಅಲ್ಲಿ ಬರೀ ಇಸವಿ ಕಲಿಸ್ತಾರಮ್ಮ. ಯಾಕೆ ಅಂತ ಕೇಳೋ ಹಾಗೇ ಇಲ್ಲ,” ಎಂದು ಮಗಳು ಒಂದು ದಿನ ಹೇಳಿದ್ದಳು. ಯಾಕೆ ಎಂದು ಕೇಳದೆ ಬದುಕಲಾರದ ಹುಡುಗಿ ಅದು. ಹಾಲು ಕುಡಿಯುವ ವಯಸ್ಸಿನಿಂದಲೂ ಹಾಗೇ.

ತಂದ ಎಂಟು ಹಾಳೆ ಮುಂಬಾಗಿಲಿಂದ ಅಡುಗೆಮನೆಯವರೆಗೆ ನಡುಮನೆಯ ಗೋಡೆಯುದ್ದಕ್ಕೂ ಅಂಟಿಕೊಂಡವು. ಚಪ್ಪಲಿ ಗೂಡಿನ ಮೇಲೆ ಫ್ರೆಂಚ್ ಕ್ರಾಂತಿ, ಬಚ್ಚಲ ಬಾಗಿಲ ಪಕ್ಕ ಮೊದಲ ಮಹಾಯುದ್ಧ, ಕೊಳೆ ಬಟ್ಟೆಯ ಬುಟ್ಟಿಯ ಮೇಲೆ ಆರ್ಥಿಕ ಕುಸಿತ, ಫ್ರಿಜ್ಜಿನ ಹತ್ತಿರ ಶೀತಲ ಸಮರ. ವಾರ ಕಳೆಯುವಷ್ಟರಲ್ಲಿ ಮನೆಯವರಿಗೆಲ್ಲ ಅದೇ ವಿಳಾಸವಾಯಿತು.

“ನನ್ನ ಕನ್ನಡಕ ಎಲ್ಲೇ?” ಎಂದು ಅಜ್ಜಿ ಕೂಗಿದರೆ, “ಕುಸಿತದ ಹತ್ರ ಇದೆ ಅಜ್ಜಿ,” ಎಂದು ಉತ್ತರ ಬರುತ್ತಿತ್ತು.

“ಇವಳೇ, ನನ್ನ ಸ್ಪ್ಯಾನರ್ ಚೀಲ?” ಎಂದು ಗಂಡ ಕೇಳುತ್ತಿದ್ದ.

“ಯುದ್ಧದ ಕೆಳಗೆ ಇಟ್ಟಿದೀರಿ ನೋಡಿ.”

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ಎತ್ತರದ ಕಟ್ಟಡಗಳ ಕತ್ತಲೆ ಕೊಳವೆಗಳಲ್ಲಿ ನೇತಾಡಿ, ಕೈಗೆ ಗ್ರೀಸ್ ಮೆತ್ತಿಕೊಂಡು ಬರುತ್ತಿದ್ದ. ಲಿಫ್ಟ್ ಕೆಲಸಗಾರರ ಸಂಘದ ಕಾರ್ಯದರ್ಶಿಯೂ ಅವನೇ. ಎಂಟು ವರ್ಷದಿಂದ ಅವನನ್ನು ಬಿಟ್ಟು ಬೇರೆ ಯಾರನ್ನೂ ಆರಿಸಿರಲಿಲ್ಲ. ಅದಕ್ಕೆ ಕಾರಣ ಅವನ ಭಾಷಣವಲ್ಲ, ಅವನಿಗೆ ಭಾಷಣ ಬರುತ್ತಿರಲಿಲ್ಲ. ಕಾರಣ ಅವನ ತಾಯಿ.

ಅವಳ ಅತ್ತೆ, ಅಂದರೆ ಆ ಮನೆಯ ಅಜ್ಜಿ, ಐವತ್ತು ವರ್ಷದ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದರು. ಆಗ ಯಾರಿಗೆ ಯಾರು ಫೋನ್ ಮಾಡಿದರೂ ಈ ಹೆಂಗಸರೇ ತಂತಿ ಚುಚ್ಚಿ ಕೂಡಿಸಬೇಕಿತ್ತು. ಅಲ್ಲಿ ಹದಿನೇಳು ದಿನದ ಮುಷ್ಕರ ನಡೆದದ್ದು ಊರಿಗೆಲ್ಲ ಗೊತ್ತು. ಆ ಮುಷ್ಕರದ ಮೊದಲ ಗಳಿಗೆಯಲ್ಲಿ, ಎಲ್ಲರಿಗಿಂತ ಮೊದಲು ಹೆಡ್‌ಸೆಟ್ ಕಿತ್ತು ಬಿಸಾಡಿ ಎದ್ದು ನಡೆದವರು ಅಜ್ಜಿ ಎಂಬುದು ಆ ಮನೆಯ ಗೋಡೆಗೂ ಗೊತ್ತು.

“ಪ್ರಾಜೆಕ್ಟ್ ಏನು ಅಂದ್ರೆ,” ಮಗಳು ಊಟದ ಮೇಜಿನಲ್ಲಿ ವಿವರಿಸಿದಳು, “ನಮ್ಮ ನಮ್ಮ ಮನೆಯವರೊಬ್ಬರ ಜೀವನದೊಳಗೆ ಆಧುನಿಕ ಇತಿಹಾಸ ಹೇಗೆ ಹಾದುಹೋಯ್ತು ಅಂತ ಬರೀಬೇಕು. ಕಡೇ ದಿನ ಪ್ರದರ್ಶನ. ನಾನು ಅಜ್ಜಿನ ತಗೊಂಡಿದೀನಿ.”

“ಬೇರೆ ಯಾರನ್ನ ತಗೋತೀಯಾ?” ಎಂದರು ಅಜ್ಜಿ, ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಸಾಲದೆಂದು ಸನ್ನೆ ಮಾಡುತ್ತ. “ನಿಮ್ಮಪ್ಪ ಮೇಲೆ ಹೋಗ್ತಾನೆ, ಕೆಳಗೆ ಬರ್ತಾನೆ. ಅದರಲ್ಲಿ ಇತಿಹಾಸ ಎಲ್ಲಿದೆ?”

“ಅಮ್ಮ?” ಎಂದ ಗಂಡ, ಉದಾರವಾಗಿ.

“ಅಮ್ಮ ಚಾದರ ಹೊಲೀತಾಳೆ ಅಪ್ಪ,” ಎಂದಳು ಮಗಳು.

ಸೂಜಿಯಕ್ಕ ಎದ್ದು ಉಪ್ಪು ತಂದಿಟ್ಟಳು.

*

ಮೊದಲು ಬಂದದ್ದು ನಾಲ್ಕು ಪ್ರಶ್ನೆ. ಮೇಷ್ಟರು ಕಲಿಸಿದ್ದೆಂದು ಮಗಳು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಯಾರಿಗೆ ಹೇಳಿದ್ದು? ಯಾಕೆ ಹೇಳಿದ್ದು? ಈ ನಾಲ್ಕನ್ನು ಕೇಳದೆ ಯಾವ ಮಾತನ್ನೂ ನಂಬಬಾರದು. ಅಂದಿನಿಂದ ಆ ಮನೆಯಲ್ಲಿ ಯಾರ ಮಾತೂ ನೆಟ್ಟಗೆ ನಿಲ್ಲಲಿಲ್ಲ.

“ಜಾಮ್ ಬಾಟಲಿ ಖಾಲಿ ಮಾಡಿದ್ದು ನಾನಲ್ಲ,” ಎಂದ ಗಂಡ ಒಂದು ಬೆಳಿಗ್ಗೆ.

“ಇದು ಯಾರು ಹೇಳಿದ್ದು? ಚಮಚ ಕೈಯಲ್ಲಿರೋರು,” ಎಂದಳು ಮಗಳು. “ಯಾಕೆ ಹೇಳಿದ್ದು? ತಪ್ಪಿಸ್ಕೊಳ್ಳೋಕೆ. ಈ ಆಕರ ನಂಬೋ ಹಾಗಿಲ್ಲ.”

“ನೋಡೇ ನಿನ್ನ ಮಗಳು ನನ್ನ ಆಕರ ಅಂತಾಳೆ.”

“ಬೈಗುಳ ಅಲ್ಲ ರೀ, ತಿಂಡಿ ತಿನ್ನಿ.”

ಅಜ್ಜಿ ಮಾತ್ರ ಸಂದರ್ಶನಕ್ಕೆ ಸೀರೆ ಬದಲಿಸಿಕೊಂಡು ಕೂರುತ್ತಿದ್ದರು. ಮೊದಲ ದಿನದ ಕಥೆಯಲ್ಲಿ ಅವರ ಹಿಂದೆ ಎದ್ದು ಬಂದ ಹೆಂಗಸರು ಎಪ್ಪತ್ತೆರಡು ಮಂದಿ. ಮರುದಿನ ನೂರಾದರು. ಮೂರನೆಯ ದಿನ ಇನ್ನೂರಾಗುವ ಹೊತ್ತಿಗೆ ಮಗಳು ಪೆನ್ನು ಕೆಳಗಿಟ್ಟಳು.

“ಅಜ್ಜಿ, ಆ ಹಾಲ್‌ನಲ್ಲಿ ಕುರ್ಚಿ ಎಷ್ಟಿತ್ತು?”

“ಎಪ್ಪತ್ತೆರಡು.”

“ಇನ್ನೂರು ಜನ ಎಲ್ಲಿ ಕೂತಿದ್ರು?”

“ಕೂತಿದ್ರು ಅಂತ ಯಾರು ಹೇಳಿದ್ರು? ಎದ್ರು ಅಂದೆ!”

ಗಂಡ ಪಕ್ಕದ ಕೋಣೆಯಲ್ಲಿ ಕೆಮ್ಮಿದ. ಮಗಳು ನಗಲಿಲ್ಲ. “ಮೇಷ್ಟ್ರು ಒಂದು ದಾಖಲೆ ಇರಲೇಬೇಕು ಅಂದಿದಾರೆ. ಕಾಗದ, ಫೋಟೋ, ಏನಾದ್ರೂ. ಇಲ್ಲಾಂದ್ರೆ ಇನ್ನೊಬ್ಬ ಸಾಕ್ಷಿ ಬೇಕು. ಬರೀ ನಿನ್ನ ಮಾತಿಗೆ ಅರ್ಧ ಮಾರ್ಕ್ಸು ಅಷ್ಟೇ.”

“ಬರೀ ನನ್ನ ಮಾತಾ!” ಅಜ್ಜಿಯ ಮೂಗಿನ ಹೊಳ್ಳೆ ಅಗಲವಾಯಿತು. “ಅಂದ್ರೆ ನಾನು ಸುಳ್ಳು ಹೇಳ್ತೀನಿ ಅಂತೀಯಾ?”

“ಸುಳ್ಳು ಅಂತ ಅಲ್ಲ. ನೀನು ಪಕ್ಷಪಾತ ಇರೋ ಆಕರ.”

ಆ ದಿನ ಅಜ್ಜಿ ಮೇಜಿನಲ್ಲಿ ಊಟ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ಚಪ್ಪಲಿ ಗೂಡಿನ ಪಕ್ಕದ ಮಣೆಯ ಮೇಲೆ, ಫ್ರೆಂಚ್ ಕ್ರಾಂತಿಯ ಕೆಳಗೆ, ಒಬ್ಬರೇ ಕುಳಿತು ಉಂಡರು. ಸೂಜಿಯಕ್ಕ ಎರಡನೇ ಸಲ ಅನ್ನ ಬಡಿಸಲು ಅಲ್ಲಿಯವರೆಗೆ ನಡೆದಳು.

“ಮೊಮ್ಮಗಳಲ್ಲ ಅದು, ವಕೀಲೆ,” ಎಂದರು ಅಜ್ಜಿ. “ಸಾರು ಹಾಕು.”

ಆದರೆ ಪಾಠ ಕೇಳುವುದನ್ನು ಅವರು ಬಿಡಲಿಲ್ಲ. ಮಗಳು ನಡುಮನೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಓದುವಾಗ ಪತ್ರಿಕೆ ಹಿಡಿದು ಕುಳಿತು ಪುಟ ಮಗುಚದೆ ಕೇಳುತ್ತಿದ್ದರು. “ಮಹಾಯುದ್ಧಕ್ಕೆ ದೂರದ ಕಾರಣಗಳು ನಾಲ್ಕು, ತಕ್ಷಣದ ಕಾರಣ ಒಂದು,” ಎಂದು ಮಗಳು ಉರು ಹೊಡೆಯುತ್ತಿದ್ದಳು. “ರಾಜಕುಮಾರನ ಕಾರಿನ ಡ್ರೈವರು ತಪ್ಪು ದಾರಿಗೆ ತಿರುಗಿಸಿದ. ಗುಂಡು ಹೊಡೆಯೋನು ಅದೇ ತಿರುವಿನಲ್ಲಿ ನಿಂತಿದ್ದ.”

“ಡ್ರೈವರಿಗೆ ಗೊತ್ತಿರಲಿಲ್ವಾ?” ಅಜ್ಜಿ ಸಿಟ್ಟು ಮರೆತು ಕೇಳಿದರು.

“ಏನು?”

“ತನ್ನಿಂದ ಇಷ್ಟೆಲ್ಲ ಆಗತ್ತೆ ಅಂತ.”

“ಹೇಗೆ ಗೊತ್ತಾಗತ್ತೆ ಅಜ್ಜಿ?”

“ಪಾಪ,” ಎಂದರು ಅಜ್ಜಿ. ಎರಡು ದಿನ ಬಿಟ್ಟು ಮತ್ತೆ, “ಆ ಡ್ರೈವರು ಆಮೇಲೆ ಏನಾದ ಅಂತ ನಿನ್ನ ಪುಸ್ತಕದಲ್ಲಿ ಇದೆಯಾ?” ಎಂದು ಕೇಳಿದರು. ಪುಸ್ತಕದಲ್ಲಿ ಇರಲಿಲ್ಲ.

*

ಮೂರನೆಯ ವಾರ ಅಜ್ಜಿ ಪೆಟ್ಟಿಗೆಯ ತಳದಿಂದ ತಮ್ಮ ಹಳೆಯ ಯೂನಿಫಾರ್ಮ್ ಕೋಟು ತೆಗೆದರು. ಕಡುನೀಲಿ ಬಟ್ಟೆ, ಹಿತ್ತಾಳೆ ಗುಂಡಿ. ಪ್ರದರ್ಶನದ ದಿನ ಅದನ್ನು ಹಾಕಿಕೊಂಡೇ ಕೂರುತ್ತೇನೆ ಎಂದರು. ಜಗಳವಾಡಿದ್ದರೂ ಪ್ರದರ್ಶನ ತಪ್ಪಿಸಿಕೊಳ್ಳುವ ಯೋಚನೆ ಅವರಿಗೆ ಇದ್ದ ಹಾಗಿರಲಿಲ್ಲ.

“ಎರಡು ಗುಂಡಿ ಹಾಕಬೇಕು, ತೋಳಿನ ಅಂಚು ಮಡಚಬೇಕು. ಅಷ್ಟೇ,” ಎಂದು ಸೊಸೆಯ ಕೈಗೆ ಕೊಟ್ಟರು. “ಲೈನಿಂಗ್ ಮುಟ್ಟಬೇಡ.”

“ಲೈನಿಂಗ್ ಹಳತಾಗಿದೆ ಅತ್ತೆ.”

“ನಾನೂ ಹಳತಾಗಿದೀನಿ. ಮುಟ್ಟಬೇಡ ಅಂದೆ.”

ಭಾನುವಾರ ಮಧ್ಯಾಹ್ನ ಅವಳು ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಪಕ್ಕದಲ್ಲಿ ಮಗಳ ಶಾಲೆಯ ಅಂಗಿ. ಅದರದ್ದೂ ಒಂದು ಗುಂಡಿ ಹೋಗಿತ್ತು. ಹದಿನೇಳು ವರ್ಷದ ಹುಡುಗಿಗೆ ಗುಂಡಿ ಹಾಕಲು ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸು ಎಂದರೆ, “ಅಮ್ಮ, ಕೈಗಾರಿಕಾ ಕ್ರಾಂತಿ ಆಗಿ ಇನ್ನೂರೈವತ್ತು ವರ್ಷ ಆಯ್ತು,” ಎನ್ನುತ್ತಿದ್ದಳು.

ಗುಂಡಿ ಹಾಕಿದ್ದಾಯಿತು. ತೋಳು ಮಡಚಿದ್ದಾಯಿತು. ಕೋಟು ಮಡಿಸುವಾಗ ಎಡಗಡೆಯ ಲೈನಿಂಗಿನಲ್ಲಿ ಗೇಣುದ್ದದ ಹೊಲಿಗೆಯೊಂದು ಕಣ್ಣಿಗೆ ಬಿತ್ತು. ನೀಲಿ ಬಟ್ಟೆಗೆ ಕಪ್ಪು ದಾರ. ಒಂದು ಟಾಕು ಉದ್ದ, ಒಂದು ಗಿಡ್ಡ, ಕುಡಿದವನ ನಡಿಗೆಯ ಹಾಗೆ. ಅವಳು ಕೋಟು ಮಡಿಸಿದಳು. ಮತ್ತೆ ಬಿಚ್ಚಿ ನೋಡಿದಳು. ಅತ್ತೆಯ ಮಾತು ಮೀರುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಕೈ. ಕೆಟ್ಟ ಹೊಲಿಗೆಯನ್ನು ನೋಡಿಯೂ ಬಿಟ್ಟುಬಿಡುವುದು ಅದಕ್ಕೆ ತಿಳಿಯದು. ಕತ್ತರಿಯ ತುದಿಯಿಂದ ಮೂರು ಟಾಕು ಎತ್ತಿದ್ದಷ್ಟೇ, ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಒಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ಮಡಿಲಿಗೆ ಬಿತ್ತು.

ಟೈಪು ಮಾಡಿದ ಕಾಗದ. ಮೇಲೆ ಟೆಲಿಫೋನ್ ಕಚೇರಿಯ ಮುದ್ರೆ, ಕೆಳಗೆ ಮ್ಯಾನೇಜರ ಸಹಿ. ‘ಇಂದು ಎಲ್ಲ ಆಪರೇಟರುಗಳು ಸ್ಥಾನ ಬಿಟ್ಟು ಹೊರನಡೆದಾಗ, ಹನ್ನೊಂದನೇ ಸ್ಥಾನದ ಆಪರೇಟರ್ ಒಬ್ಬರೇ ಸಂಜೆ ಆರರವರೆಗೆ ಕರ್ತವ್ಯದಲ್ಲಿದ್ದು ಕರೆಗಳನ್ನು ಜೋಡಿಸಿದ್ದಾರೆ. ಇವರ ಕೆಲಸ ಮೆಚ್ಚತಕ್ಕದ್ದು.’ ದಿನಾಂಕ ಮುಷ್ಕರದ ಮೊದಲ ದಿನದ್ದು. ಹನ್ನೊಂದನೇ ಸ್ಥಾನ ಅಜ್ಜಿಯದೆಂದು ಆ ಮನೆಯಲ್ಲಿ ಬೆಕ್ಕಿಗೂ ಗೊತ್ತಿತ್ತು.

ಅವಳು ಅದನ್ನು ಮೂರು ಸಲ ಓದಿದಳು. ಆಮೇಲೆ ಸೂಜಿಪೆಟ್ಟಿಗೆಯ ತಳದಲ್ಲಿ, ಗುಂಡಿಗಳ ಕೆಳಗೆ ಇಟ್ಟಳು. ಲೈನಿಂಗನ್ನು ನೀಲಿ ದಾರದಲ್ಲಿ, ಕಣ್ಣಿಗೆ ಕಾಣದ ಹಾಗೆ, ಅಚ್ಚುಕಟ್ಟಾಗಿ ಹೊಲಿದಳು.

*

ಮುಂದಿನ ಹತ್ತು ದಿನ ಸೂಜಿಯಕ್ಕ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಆಸ್ಪತ್ರೆಯಲ್ಲಿ ಒಂದು ದಿಂಬಿನ ಚೀಲವನ್ನು ನಾಲ್ಕೂ ಕಡೆ ಹೊಲಿದು ಮುಚ್ಚಿಬಿಟ್ಟಳು.

ಮನೆಯಲ್ಲಿ ಮಗಳು ಹಳೆಯ ಪೆಟ್ಟಿಗೆಗಳನ್ನೆಲ್ಲ ತಡಕಿದಳು. ಅಪ್ಪನ ಲಸಿಕೆ ಚೀಟಿ ಸಿಕ್ಕಿತು, ಯಾರದೋ ಮದುವೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದ ಫೋಟೋ ಸಿಕ್ಕಿತು. ಬೇಕಾದದ್ದು ಸಿಗಲಿಲ್ಲ. ಒಂದು ಸಂಜೆ ಅಡುಗೆಮನೆಗೆ ಬಂದು, ಚಪಾತಿ ಲಟ್ಟಿಸುತ್ತಿದ್ದ ತಾಯಿಯ ಭುಜಕ್ಕೆ ಹಣೆ ಒತ್ತಿ ನಿಂತಳು.

“ಒಂದೇ ಒಂದು ಕಾಗದ ಇದ್ದಿದ್ರೆ ಸಾಕಿತ್ತಮ್ಮ.”

ಆ ಕಾಗದ ಆರು ಹೆಜ್ಜೆ ದೂರದಲ್ಲಿತ್ತು. ಚಪಾತಿ ತ್ರಿಕೋನವಾಯಿತು.

“ಕಾಗದ ಅಜ್ಜಿ ಹೇಳಿದ್ದಕ್ಕೆ ಉಲ್ಟಾ ಇದ್ರೆ?” ಎಂದಳು ಅವಳು, ಲಟ್ಟಣಿಗೆಯನ್ನೇ ನೋಡುತ್ತ.

ಮಗಳ ತಲೆ ಮೇಲೆದ್ದಿತು. “ಉಲ್ಟಾ ಇದ್ರೆ ಇನ್ನೂ ಒಳ್ಳೇದು! ಅಂಥದ್ದಕ್ಕೆ ಮೇಷ್ಟ್ರು ಪ್ರಾಣ ಬಿಡ್ತಾರೆ. ಯಾಕೆ, ಏನಾದ್ರೂ ಇದೆಯಾ?”

“ಸುಮ್ನೆ ಕೇಳಿದೆ. ಹಿಟ್ಟು ಕೊಡು.”

ಅದೇ ವಾರ ಗಂಡನ ಸಂಘದ ಚುನಾವಣೆಯ ಚೀಟಿಗಳು ಅಚ್ಚಾಗಿ ಬಂದವು. ‘ಮೊದಲು ಎದ್ದು ನಿಂತ ತಾಯಿಯ ಮಗ’ ಎಂದು ದಪ್ಪಕ್ಷರದಲ್ಲಿತ್ತು. ಅವನು ಒಂದನ್ನು ಶೀತಲ ಸಮರದ ಪಕ್ಕ ಅಂಟಿಸಿ ದೂರ ನಿಂತು ನೋಡಿದ. “ಹೇಗಿದೆ?”

“ಅಕ್ಷರ ದೊಡ್ಡದಾಯ್ತು,” ಎಂದಳು ಅವಳು.

ನಾಲ್ಕನೆಯ ವಾರ ಮಗಳು ಕುಣಿಯುತ್ತ ಮನೆಗೆ ಬಂದಳು. ಪಿಂಚಣಿದಾರರ ಸಂಘದಲ್ಲಿ ವಿಚಾರಿಸಿ ಸಾಕ್ಷಿಯನ್ನು ಹಿಡಿದಿದ್ದಳು: ಹನ್ನೆರಡನೇ ಕುರ್ಚಿ. “ಅಜ್ಜಿಯ ಪಕ್ಕದಲ್ಲೇ ಕೂರ್ತಿದ್ದೋರು! ಶನಿವಾರ ಚಹಾಕ್ಕೆ ಬರ್ತಾರೆ. ಆಗ ಅವರನ್ನ ಉದ್ದಜಡೆ ಅಂತ ಕರೀತಿದ್ರಂತೆ.”

ಅಜ್ಜಿ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿದರು, ಮತ್ತೆ ಮಡಚಿದರು, ಇನ್ನು ಮಡಚಲಾಗದಷ್ಟು ಮಡಚಿದರು. “ಅವಳು ಇನ್ನೂ ಬದುಕಿದಾಳಾ!” ಎಂದರು. ಹರ್ಷದ ದನಿಯಂತೂ ಅಲ್ಲ.

ಶನಿವಾರ ಅಜ್ಜಿಗೆ ಬೆಳಿಗ್ಗೆ ತಲೆನೋವು, ಮಧ್ಯಾಹ್ನ ಮಂಡಿನೋವು, ಮೂರು ಗಂಟೆಗೆ ಮಗ ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂಬಷ್ಟು ಎದೆಯುರಿ. ನಾಲ್ಕಕ್ಕೆ ಸರಿಯಾಗಿ ಉದ್ದಜಡೆ ಬಂದರು. ತಲೆಗೂದಲನ್ನು ಹುಡುಗರ ಹಾಗೆ ಗಿಡ್ಡಗೆ ಕತ್ತರಿಸಿದ್ದ ದಪ್ಪನೆಯ ಹೆಂಗಸು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿದ್ದ ಎಡಗಿವಿ ಮಂದವಾಗಿದ್ದರಿಂದ ಮನೆ ಅದುರುವ ಹಾಗೆ ಮಾತಾಡುತ್ತಿದ್ದರು.

“ಇವಳು ಮೊದಲು ಎದ್ದಳಾ ಅಂತ ಕೇಳ್ತೀಯಾ? ನನ್ನ ಕೇಳು! ನಾನು ಪಕ್ಕದಲ್ಲೇ ಇದ್ದೆ!”

ಮಗಳು ಪೆನ್ನು ಹಿಡಿದಳು. ಅಜ್ಜಿ ಬಿಸ್ಕತ್ತು ಹಿಡಿದರು. ಸೂಜಿಯಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

“ಹತ್ತು ಗಂಟೆಗೆ ಅಂತ ಗುಟ್ಟಾಗಿ ಮಾತಾಗಿತ್ತು. ಯಾರು ಮೊದಲು ಅಂತ ಮಾತ್ರ ಆಗಿರಲಿಲ್ಲ, ಎಲ್ರಿಗೂ ಭಯ. ಇನ್ನೂ ಒಂಬತ್ತೂ ನಲವತ್ತು. ಇದ್ದಕ್ಕಿದ್ದ ಹಾಗೆ ಇವಳು ಹೆಡ್‌ಸೆಟ್ ಕಿತ್ತು ಟಪ್ ಅಂತ ಇಟ್ಟಳು. ಮುಖ ಕೆಂಪಗಾಗಿತ್ತು. ಹಲ್ಲು ಕಚ್ಚಿಕೊಂಡಿದ್ದಳು. ಸೂಪರ್‌ವೈಸರಮ್ಮ ‘ಎಲ್ಲಿಗೆ?’ ಅಂದ್ರೆ ತಿರುಗಿ ಕೂಡ ನೋಡದೆ ಬಿರಬಿರನೆ ಬಾಗಿಲ ಕಡೆ ನಡೆದಳು. ಅಂಥಾ ಆವೇಶ ನಾನು ಇನ್ಯಾರ ಮುಖದಲ್ಲೂ ನೋಡಿಲ್ಲ ಮಗಳೇ! ನಾವೆಲ್ಲ ದಡದಡ ಎದ್ವಿ.”

“ಆಮೇಲೆ ಬೀದೀಲಿ ಅಜ್ಜಿನ ನೋಡಿದ್ರಾ?”

“ಆ ದಿನ ನೋಡ್ಲಿಲ್ಲ. ನಾವು ಹಿಂದೆ ಇದ್ದೋರು, ಇವಳು ಮುಂದೆ ಇರಬೇಕು ಅಂದ್ಕೊಂಡ್ವಿ. ಮುಂದೆ ಇದ್ದೋರು ಹಿಂದೆ ಇರಬೇಕು ಅಂದ್ಕೊಂಡ್ರು. ಮಾರನೇ ದಿನ ಬಂದಾಗ ಹೆಗಲ ಮೇಲೆ ಎತ್ತಿಕೊಂಡ್ವಲ್ಲ! ಅಲ್ವೇನೇ?”

ಅಜ್ಜಿಯ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

ಮಗಳು ಮಾತ್ರ ಪುಟದ ಮೇಲೆ ಪುಟ ಬರೆಯುತ್ತಿದ್ದಳು. ಅತಿಥಿ ಹೋದ ಮೇಲೆ ಬಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. “ಕ್ಷಮಿಸು ಅಜ್ಜಿ. ನೀನು ಹೇಳಿದ್ದು ನಿಜ.”

“ಇರಲಿ ಬಿಡೇ ವಕೀಲೆ,” ಎಂದರು ಅಜ್ಜಿ. ಅವರ ಮುಖ ಮಾತ್ರ ಗೆದ್ದವರ ಮುಖದಂತಿರಲಿಲ್ಲ.

*

ಮಾರನೆಯ ಬೆಳಿಗ್ಗೆ, ಪ್ರದರ್ಶನಕ್ಕೆ ಇನ್ನು ನಾಲ್ಕು ದಿನವಿರುವಾಗ, ಅಜ್ಜಿ ಕರೆಯದೆ ಅಡುಗೆಮನೆಗೆ ಬಂದು ಸೊಸೆಯ ಎದುರು ಕುಳಿತು ಬಟಾಣಿ ಸುಲಿಯತೊಡಗಿದರು. ಇಪ್ಪತ್ತು ವರ್ಷದಲ್ಲಿ ಅವರು ಬಟಾಣಿ ಸುಲಿದದ್ದು ಅದೇ ಮೊದಲು.

“ಕೋಟು ಹಗುರ ಆಗಿದೆ,” ಎಂದರು.

“ಒಂದು ಕಾಗದ ಅಷ್ಟೇ ಅತ್ತೆ.”

“ಐವತ್ತು ವರ್ಷ ಇಟ್ಕೊಂಡಿದೀನಿ, ತೂಕ ಗೊತ್ತಾಗಲ್ವಾ?”

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ನನಗೆ ಬಚ್ಚಲಿಗೆ ಹೋಗಬೇಕಿತ್ತು ಕಣೇ.”

“ಏನು?”

“ಬಚ್ಚಲಿಗೆ! ಏಳು ಗಂಟೆಯಿಂದ ಕೂತಿದ್ದೆ. ಕೈ ಎತ್ತಿ ಕೇಳಬೇಕಿತ್ತು ಆಗ, ಸೂಪರ್‌ವೈಸರು ಹೂಂ ಅಂದ್ರೆ ಐದು ನಿಮಿಷ. ಎರಡು ಸಲ ಕೈ ಎತ್ತಿದೆ, ಎರಡು ಸಲಾನೂ ಇಲ್ಲ ಅಂದಳು ಮಹಾತಾಯಿ. ಮೂರನೇ ಸಲ ಕೇಳಲಿಲ್ಲ. ಎದ್ದು ಹೋದೆ. ಸಮಾಧಾನವಾಗಿ ವಾಪಸ್ ಬಂದು ನೋಡ್ತೀನಿ, ಹಾಲ್‌ನಲ್ಲಿ ಒಂದು ನರಪಿಳ್ಳೆ ಇಲ್ಲ!”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು.

“ನಗು, ನಗು. ನನಗೆ ಅಳು ಬಂದಿತ್ತು. ಬೋರ್ಡಿನ ತುಂಬ ದೀಪ. ಕರೆ ಬಂದ್ರೆ ಒಂದೊಂದು ದೀಪ ಹತ್ತೋದು, ನೂರಾರು ಹತ್ತಿ ಉರೀತಿತ್ತು. ಸುಮ್ನೆ ಒಂದಕ್ಕೆ ತಂತಿ ಚುಚ್ಚಿದೆ. ಯಾರೋ ಹೆಂಗಸು, ಮಗೂಗೆ ಉಸಿರು ಕಟ್ಟಿದೆ, ಆಸ್ಪತ್ರೆ ಕೊಡಿ ಅಂತ ಕಿರುಚ್ತಿದ್ದಳು. ಕೊಟ್ಟೆ. ಪಕ್ಕದ ದೀಪ ಉರೀತಿತ್ತು. ಅದನ್ನ ನೋಡಿಕೊಂಡು ಹೇಗೆ ಎದ್ದು ಹೋಗ್ಲಿ? ಸಂಜೆ ಆರಾಯ್ತು.” ಒಂದು ಬಟಾಣಿ ನೆಲಕ್ಕೆ ಬಿದ್ದು ಉರುಳಿತು, ಇಬ್ಬರೂ ಅದನ್ನೇ ನೋಡಿದರು. “ಮಾರನೇ ದಿನ ಬೀದಿಗೆ ಹೋದೆ. ಬೈಸ್ಕೊಳ್ಳೋಕೆ ಅಂತಲೇ ಹೋದೆ. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ್ರು. ಅಷ್ಟು ಎತ್ತರದಿಂದ ನಿಜ ಹೇಳೋಕೆ ಆಗಲ್ಲ ಕಣೇ. ಹದಿನೇಳು ದಿನದಲ್ಲಿ ಹದಿನಾರು ದಿನ ನಾನೂ ಬಿಸಿಲಲ್ಲಿ ನಿಂತಿದೀನಿ. ಒಂದೇ ದಿನ.”

“ಮುಷ್ಕರ ಯಾತಕ್ಕೆ ಮಾಡಿದ್ರಿ ಅತ್ತೆ? ಏನು ಕೇಳಿದ್ರಿ?”

“ಸಂಬಳ, ರಜೆ… ಆಮೇಲೆ, ಬಚ್ಚಲಿಗೆ ಹೋಗೋಕೆ ಅಪ್ಪಣೆ ಕೇಳೋ ಹಾಗಿರಬಾರದು ಅಂತ.” ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಗೇ ನಗು ಬಂತು. ಇಬ್ಬರೂ ಬಟಾಣಿ ಬೋಗುಣಿಯ ಮೇಲೆ ಬಗ್ಗಿ ಸದ್ದಿಲ್ಲದೆ ನಕ್ಕರು. ನಡುಮನೆಯಿಂದ ಮಗಳು, “ಏನಾಯ್ತು?” ಎಂದು ಕೂಗಿದಳು.

“ಹುಳ ಇತ್ತು,” ಎಂದು ಅಜ್ಜಿ ಕೂಗಿ ಹೇಳಿದರು.

“ಹಾಗಾದ್ರೆ ಆ ಕಾಗದ ಯಾಕೆ ಇಟ್ಕೊಂಡ್ರಿ?” ಎಂದಳು ಸೊಸೆ.

ಅಜ್ಜಿ ಸಿಪ್ಪೆಯೊಂದನ್ನು ಬೆರಳಿಗೆ ಸುತ್ತಿದರು. “ಕೆಲಸ ಚೆನ್ನಾಗಿ ಮಾಡಿದ್ದೆ ಅಂತ ನನಗೆ ಯಾರಾದ್ರೂ ಬರೆದುಕೊಟ್ಟಿದ್ದು ಅದೊಂದೇ ಕಣಮ್ಮ.” ಆಮೇಲೆ ಎದ್ದು ಸೀರೆ ಕೊಡವಿದರು. “ಒಲೆಗೆ ಹಾಕಿಬಿಡು. ನನ್ನ ಕೈಯಲ್ಲಿ ಆಗಲ್ಲ.”

“ಹೂಂ,” ಎಂದಳು ಸೂಜಿಯಕ್ಕ.

*

ಪ್ರದರ್ಶನದಲ್ಲಿ ಅಜ್ಜಿ ನೀಲಿ ಕೋಟು ತೊಟ್ಟು, ಹಿತ್ತಾಳೆ ಗುಂಡಿ ಹೊಳೆಸಿಕೊಂಡು, ಮೊಮ್ಮಗಳ ಮೇಜಿನ ಪಕ್ಕ ಕುಳಿತರು. ಹನ್ನೊಂದು ಗಂಟೆಯವರೆಗೆ ಹಿಂದೆ ಎದ್ದವರು ಎಪ್ಪತ್ತೆರಡೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಮುನ್ನೂರಾದರು. “ಎಪ್ಪತ್ತೊಂದು ಸರ್,” ಎಂದು ಮಗಳು ಪ್ರತಿ ಸಲ ತಿದ್ದುತ್ತಿದ್ದಳು. “ಅಜ್ಜಿನ ಬಿಟ್ಟು.” ಲಿಫ್ಟ್ ಸಂಘದ ನಾಲ್ವರು ಬಂದು ಅಜ್ಜಿಯ ಜೊತೆ ಫೋಟೋ ತೆಗೆಸಿಕೊಂಡರು. ಮೇಷ್ಟರು ಪ್ರಾಜೆಕ್ಟಿನ ಕಡೆಯ ಪುಟ ಓದಿ ಕನ್ನಡಕ ಮೇಲೆತ್ತಿದರು.

“ಮೊದಲ ದಿನ ಬೀದಿಯಲ್ಲಿ ನಿಮ್ಮ ಅಜ್ಜಿಯನ್ನ ಯಾರೂ ನೋಡಿಲ್ಲ ಅಂತ ನೀನೇ ಬರೆದಿದೀಯಲ್ಲ. ಯಾಕೆ ಬರೆದೆ? ಬಿಡಬಹುದಿತ್ತು.”

“ಸಾಕ್ಷಿ ಹಾಗೆ ಹೇಳಿದ್ರು ಸರ್. ಆ ದಿನ ಅಜ್ಜಿ ಎಲ್ಲಿದ್ರು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.”

ಅಜ್ಜಿ ಕೋಟಿನ ಗುಂಡಿಯೊಂದನ್ನು ಗಮನವಿಟ್ಟು ನೋಡತೊಡಗಿದರು. ಮೇಷ್ಟರು ತಲೆದೂಗಿ ಅಲ್ಲೇ ಮೊದಲ ದರ್ಜೆ ಬರೆದರು. ಮಗಳು ಕಿರುಚಿದ ರಭಸಕ್ಕೆ ಪಕ್ಕದ ಮೇಜಿನ ಕಾಗದದ ವಿಮಾನ ಬಿದ್ದುಹೋಯಿತು.

ಆ ವಾರದ ಭಾನುವಾರ. ಊಟವಾಗಿತ್ತು. ಗಂಡ ಬಾಯಿ ತೆರೆದು ಮಲಗಿದ್ದ. ಮಗಳು ಗೋಡೆಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಸುರುಳಿ ಸುತ್ತುತ್ತಿದ್ದಳು. ಮನೆ ಮತ್ತೆ ಮನೆಯಾಗುತ್ತಿತ್ತು. ಅಜ್ಜಿ ಕೋಣೆಗೆ ಹೋಗುತ್ತ ಸೊಸೆಯ ಹತ್ತಿರ ಒಂದು ಗಳಿಗೆ ನಿಂತರು.

“ಹಾಕಿದೆಯಾ?”

“ಹೂಂ ಅತ್ತೆ.”

ಅವರು ತಲೆಯಾಡಿಸಿ ಒಳಹೋದರು. ಹಗುರವಾದ ಹಾಗೂ ಕಂಡರು, ಏನೋ ಕಳೆದುಕೊಂಡವರ ಹಾಗೂ ಕಂಡರು.

ಸೂಜಿಯಕ್ಕ ಕಿಟಕಿಯ ಪಕ್ಕ ಕುಳಿತು, ಪೆಟ್ಟಿಗೆಗೆ ಹೋಗಬೇಕಾದ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಗುಂಡಿಗಳ ಕೆಳಗಿಂದ ಕಾಗದ ತೆಗೆದಳು. ಆಮೇಲೆ, ಆಸ್ಪತ್ರೆಯಲ್ಲಿ ಚಾದರದ ಗಂಟಿಗೆ ಕಟ್ಟುವ ಚೀಟಿಯೊಂದನ್ನು ಚೀಲದಿಂದ ತೆಗೆದು ಹಿಂಬದಿಗೆ ತಿರುಗಿಸಿ ಬರೆಯತೊಡಗಿದಳು. ಬಟಾಣಿ ಸುಲಿಯುವಾಗ ಕೇಳಿದ್ದನ್ನು, ಕೇಳಿದ ಹಾಗೆಯೇ ಬರೆದಳು. ಕೈ ಎತ್ತಿದ್ದು ಎರಡು ಸಲ, ಹೊರಗೆ ಹೋದವರು ಎಪ್ಪತ್ತೊಂದು, ಉಸಿರು ಕಟ್ಟಿದ ಮಗು ಒಂದು. ಬರೆದು ಮುಗಿಸಿ ಫ್ರಿಜ್ಜಿನ ಕಡೆ ನೋಡಿದಳು. ನಾಲ್ಕು ಪ್ರಶ್ನೆಯ ಚೀಟಿ ಇನ್ನೂ ಅಲ್ಲೇ ಇತ್ತು. ತಾನು ಬರೆದದ್ದರ ಕೆಳಗೆ ಸೇರಿಸಿದಳು:

ಹೇಳಿದವರು: ನನ್ನ ಅತ್ತೆ, ಹನ್ನೊಂದನೇ ಸ್ಥಾನ. ಹೇಳಿದ್ದು: ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ, ಬೆಳಿಗ್ಗೆ. ಹೇಳಿದ್ದು ನನಗೆ. ಯಾಕೆ…

ಅಲ್ಲಿ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ, ‘ಒಬ್ಬರಿಗಾದರೂ ಗೊತ್ತಿರಲಿ ಅಂತ’ ಎಂದು ಬರೆದು ದಿನಾಂಕ ಹಾಕಿದಳು.

ತಾನು ಹಾಕಿದ್ದ ನೀಲಿ ಹೊಲಿಗೆ ಬಿಚ್ಚಿ, ಎರಡನ್ನೂ ಒಟ್ಟಿಗೆ ಮಡಚಿ ಲೈನಿಂಗಿನೊಳಗೆ ಇಟ್ಟಳು. ನೀಲಿ ದಾರದ ಉಂಡೆ ಕೈಗೆ ಬಂತು, ಪಕ್ಕಕ್ಕಿಟ್ಟಳು. ಕಪ್ಪು ದಾರ ಪೋಣಿಸಿದಳು. ಒಂದು ಟಾಕು ಉದ್ದ ಹಾಕಿದಳು, ಒಂದು ಗಿಡ್ಡ, ಒಂದು ಓರೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಕೆಟ್ಟದಾಗಿ ಅವಳು ಹೊಲಿದಿರಲಿಲ್ಲ. ಕೈ ಎರಡು ಸಲ ತಾನಾಗಿ ನೇರಕ್ಕೆ ಹೋಯಿತು. ಎರಡು ಸಲವೂ ಬಿಚ್ಚಿ ಮತ್ತೆ ಕೆಡಿಸಿದಳು.

“ಅಮ್ಮಾ, ಏನು ಹೊಲೀತಿದೀಯಾ?” ಬಚ್ಚಲ ಬಾಗಿಲ ಹತ್ತಿರ ಮೊದಲ ಮಹಾಯುದ್ಧವನ್ನು ಸುರುಳಿ ಸುತ್ತುತ್ತ ಮಗಳು ಕೇಳಿದಳು. ಅವಳ ಅಂಗಿಯ ತೋಳಿನಲ್ಲಿ ಮತ್ತೊಂದು ಗುಂಡಿ ನೇತಾಡುತ್ತಿತ್ತು.

“ಏನಿಲ್ಲ. ಲೈನಿಂಗ್.”

ಮಗಳು ತನ್ನ ಕೆಲಸಕ್ಕೆ ತಿರುಗಿದಳು. ಸೂಜಿಯಕ್ಕ ದಾರ ಕಡಿದು, ಕೋಟು ಮಡಿಸಿ, ನೇತಾಡುವ ಆ ಗುಂಡಿಯನ್ನೇ ಒಂದಷ್ಟು ಹೊತ್ತು ನೋಡಿದಳು. ರಜೆ ಶುರುವಾದ ಮೊದಲ ದಿನವೇ ಹುಡುಗಿಯ ಕೈಗೆ ಸೂಜಿ ಕೊಡಬೇಕು, ಯಾವ ಕ್ರಾಂತಿಯ ಕಥೆ ಹೇಳಿದರೂ ಬಿಡಬಾರದು. ಗುಂಡಿಯಿಂದ ಶುರುಮಾಡಿ, ಕೆಟ್ಟ ಹೊಲಿಗೆ ಕಂಡರೆ ಬಿಚ್ಚದೆ ಇರಲಾರದಂಥ ಕೈ ಆಗುವವರೆಗೆ ಕಲಿಸಬೇಕು. ಅದಕ್ಕೆ ಎಷ್ಟು ವರ್ಷ ಬೇಕೆಂದು ಅವಳಿಗೆ ಗೊತ್ತಿತ್ತು. ಈ ಕೋಟು ಮಗಳ ಕೈಗೆ ಬರುವಷ್ಟು ಹೊತ್ತಿಗೆ ಯಾರಿಗೂ ನೋವಾಗುವ ಹಾಗಿರುವುದಿಲ್ಲ.

ಅವಳು ಪೆಟ್ಟಿಗೆಯ ತಳಕ್ಕೆ ಕೋಟು ಇಟ್ಟು, ಮುಚ್ಚಳ ಹಾಕಿ, ಚಹಾಕ್ಕೆ ನೀರಿಡಲು ಎದ್ದಳು.